ಮೊದಲು ಹಾಡಿದವರು, ಮತ್ತೆ ಹಾಡಿದವರು

ಉಮರ್ಗಾ, ನಿಲಂಗಾ, ಉದಗೀರ ಈ ಕಡೆಯ ಹಳ್ಳಿಗಳಲ್ಲಿ ಕೂತು ಕನ್ನಡ ಕೇಳುವ ತಮ್ಮೆಲ್ಲರ ಮುಂದೆ ಇವತ್ತು ಹಾಡಿನ ವಿಷಯ ಮಾತಾಡಬೇಕೆಂದಿದ್ದೇನೆ. ಒಬ್ಬರು ಹಾಡಿ ಹೆಸರಾದ ಹಾಡನ್ನು ಇನ್ನೊಬ್ಬರು ಮತ್ತೆ ಹಾಡುತ್ತಾರೆ. ಆ ಎರಡನೆಯದು ಮೊದಲಿನದನ್ನು ಯಾವಾಗಲಾದರೂ ಮೀರಬಲ್ಲದೇ? ಇದು ಪ್ರಶ್ನೆ. ನಾನು ಸಂಗೀತ ಕಲಿತವನಲ್ಲ. ಓದಿದ್ದು ಮ್ಯಾಟ್ರಿಕ್, ಮಾಡಿದ್ದು ಬ್ಯಾಂಕಿನಲ್ಲಿ ಕಾರಕೂನಿಕೆ. ಆದರೆ ಕೇಳುವುದಕ್ಕೆ ಪರೀಕ್ಷೆ ಪಾಸಾಗಬೇಕಾಗಿಲ್ಲವಲ್ಲ.

ಮೊದಲು ನಾನು ಮೋಸಹೋದ ಕಥೆ ಹೇಳುತ್ತೇನೆ. ಮಹಮ್ಮದ್ ರಫಿ ಸಾಹೇಬರು 1980ರ ಜುಲೈ 31ರಂದು ತೀರಿಕೊಂಡರು. ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಸಂಬಳದ ದಿನ ಪೇಟೆಯ ಅಂಗಡಿಯೊಂದರಲ್ಲಿ ಅವರ ಹಾಡುಗಳ ಕ್ಯಾಸೆಟ್ಟು ಕೊಂಡೆ. ಮೇಲೆ ರಫಿ ಸಾಹೇಬರ ದೊಡ್ಡ ಫೋಟೋ, ನಗುಮುಖ. ಬೆಲೆ ಬೇರೆ ಕ್ಯಾಸೆಟ್ಟಿಗಿಂತ ಕಡಿಮೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ಮನೆಗೆ ತಂದು ಹಚ್ಚಿದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆಕೆಗೆ ಹಿಂದಿ ಬಾರದು, ಮರಾಠಿ ಸಂತೆಗೆ ಬೇಕಾಗುವಷ್ಟು ಬರುತ್ತಿತ್ತು. ಎರಡು ಸಾಲು ಆಗುವಷ್ಟರಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ತಮ್ಮಾ, ಇಂವ ಯಾರೋ ಬ್ಯಾರೆ ಇದ್ದಾನ. ಅಂವ ಅಲ್ಲ ಇಂವ" ಅಂದಳು. ನಾನು ಡಬ್ಬಿ ತಿರುಗಿಸಿ ನೋಡಿದೆ. ಹಿಂದಿನ ಬದಿಗೆ, ಸಾಸಿವೆಕಾಳಿನಂಥ ಅಕ್ಷರದಲ್ಲಿ, ಬೇರೆ ಹಾಡುಗಾರನ ಹೆಸರಿತ್ತು.

ಇದು ಕಳ್ಳ ಮಾಲು ಇರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಆದರೆ ಕಾಯದೆ ಬೇರೆಯೇ ಹೇಳುತ್ತದೆ. ನಮ್ಮ 1957ರ ಕಾಪಿರೈಟ್ ಕಾಯದೆಯ ಪ್ರಕಾರ, ಒಂದು ಹಾಡು ಒಡೆಯರ ಒಪ್ಪಿಗೆಯಿಂದ ಒಮ್ಮೆ ಧ್ವನಿಮುದ್ರಣವಾಗಿದ್ದರೆ, ಇನ್ನೊಬ್ಬರು ನೋಟಿಸು ಕೊಟ್ಟು, ರಾಯಲ್ಟಿ ಕಟ್ಟಿ, ಅದನ್ನೇ ಬೇರೆ ದನಿಯಲ್ಲಿ ಹೊಸದಾಗಿ ಮುದ್ರಿಸಬಹುದಾಗಿತ್ತು. ಹಳೆಯ ಮುದ್ರಣವನ್ನೇ ನಕಲು ಮಾಡಿದರೆ ಕಳವು, ಹೊಸದಾಗಿ ಹಾಡಿಸಿದರೆ ವ್ಯಾಪಾರ. ಇದರ ಆಧಾರದ ಮೇಲೆಯೇ 80ರ ದಶಕದಲ್ಲಿ 'ವರ್ಶನ್' ಕ್ಯಾಸೆಟ್ಟುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಮುಂದೆ 1994ರ ತಿದ್ದುಪಡಿಯಲ್ಲಿ, ಮೊದಲ ಮುದ್ರಣವಾದ ವರ್ಷ ಮುಗಿದು ಎರಡು ವರ್ಷ ಕಳೆಯಬೇಕು, ಗಿರಾಕಿಯ ದಿಕ್ಕು ತಪ್ಪಿಸುವಂಥ ಹೊದಿಕೆ ಹಾಕಬಾರದು ಎಂದು ಬಂತು. 2012ರಲ್ಲಿ ಇನ್ನೂ ಬಿಗಿ ಮಾಡಿದರು. ಈಗ ಐದು ವರ್ಷ ಕಾಯಬೇಕು, ಇದು ಕವರ್ ವರ್ಶನ್ ಎಂದು ಮೇಲೆಯೇ ಬರೆಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ತೆರಬೇಕು. ನನ್ನ ಕ್ಯಾಸೆಟ್ಟಿಗೆ ಈ ತಿದ್ದುಪಡಿ ತಡವಾಯಿತು, ಇರಲಿ.

ಆದರೆ ಅವ್ವ ಎರಡೇ ಸಾಲಿಗೆ ಹ್ಯಾಗೆ ಹಿಡಿದಳು? ಆ ಹುಡುಗ ಚೆನ್ನಾಗಿಯೇ ಹಾಡಿದ್ದ. ರಫಿ ಸಾಹೇಬರು ಎಲ್ಲಿ ಎಳೆಯುತ್ತಾರೋ ಅಲ್ಲಿ ಎಳೆದಿದ್ದ, ಎಲ್ಲಿ ನಗುತ್ತಾರೋ ಅಲ್ಲಿ ನಕ್ಕಿದ್ದ. ಇದರ ಉತ್ತರ ನನಗೆ ಬ್ಯಾಂಕಿನಲ್ಲಿ ಸಿಕ್ಕಿತು. ಚೆಕ್ಕಿನ ಮೇಲಿನ ಸಹಿಯನ್ನು ನಮೂನೆ ಕಾರ್ಡಿನ ಸಹಿಗೆ ಹೋಲಿಸಿ ನೋಡುವುದು ನಮ್ಮ ದಿನನಿತ್ಯದ ಕೆಲಸ. ನಾನು ಹೊಸಬನಿದ್ದಾಗ ಸಹಿ ಸ್ವಲ್ಪ ಆಚೀಚೆ ಇದ್ದರೆ ಗಾಬರಿಯಾಗುತ್ತಿದ್ದೆ. ಹಿರಿಯ ಸಾಹೇಬರೊಬ್ಬರು ಕಲಿಸಿದರು: ಎರಡು ಸಹಿ ಒಂದರ ಮೇಲೊಂದು ಇಟ್ಟ ಹಾಗೆ ಕೂಡಿಬಂದರೆ ಆಗ ಸಂಶಯಪಡು. ಮನುಷ್ಯ ತನ್ನ ಸಹಿಯನ್ನೇ ಎರಡು ಸಲ ತಂತೋತಂತ ಮಾಡಲಾರ. ಕದ್ದು ಮಾಡುವವನೇ ಗೆರೆ ಹಿಡಿದು ನಿಧಾನ ಬರೆಯುತ್ತಾನೆ, ಅದಕ್ಕೇ ಅವನ ಗೆರೆಯಲ್ಲಿ ಸಣ್ಣ ನಡುಕ ಇರುತ್ತದೆ. ಅವ್ವನಿಗೆ ಕೇಳಿಸಿದ್ದು ಆ ನಡುಕ ಎಂದು ನನಗೆ ಅನ್ನಿಸುತ್ತದೆ. ಆ ಹುಡುಗನ ತಪ್ಪೇನಿಲ್ಲ, ಹೊಟ್ಟೆಪಾಡು. ಅಂಥ ಕೆಲಸದಿಂದಲೇ ಮುಂದೆ ಬಂದವರೂ ಇದ್ದಾರೆ. 90ರ ದಶಕದ ಮೊದಲಿಗೆ 'ರಫಿ ಕೀ ಯಾದೇಂ' ಎಂದು ರಫಿ ಹಾಡುಗಳನ್ನೇ ಹಾಡಿ ಪರಿಚಯವಾದ ಸೋನು ನಿಗಮ್, ಆಮೇಲೆ ತನ್ನ ದನಿ ತಾನು ಕಂಡುಕೊಂಡು ನಮ್ಮ ಕನ್ನಡ ಸಿನೆಮಾಕ್ಕೂ ಬಂದು ಹಾಡಿದ್ದನ್ನು ನೀವು ಕೇಳೇ ಇದ್ದೀರಿ.

ಹಾಗಾದರೆ ಎರಡನೆಯದು ಯಾವತ್ತೂ ಎರಡನೆಯದೇ ಎನ್ನೋಣವೇ? ಹಾಗೂ ಅನ್ನಲಿಕ್ಕೆ ಬರುವುದಿಲ್ಲ. ನಮ್ಮ ಭಾಗದಲ್ಲಿ ಎಲ್ಲರ ಮನೆಗೂ ಗೊತ್ತಿರುವ 'ಗೀತರಾಮಾಯಣ'ವನ್ನೇ ತಗೊಳ್ಳಿ. ಗ. ದಿ. ಮಾಡಗೂಳಕರರು ಬರೆದರು, ಸುಧೀರ ಫಡಕೆಯವರು ಚಾಲಿ ಕಟ್ಟಿದರು. 1955ರ ಏಪ್ರಿಲ್ 1ರಿಂದ ಪುಣೆ ಆಕಾಶವಾಣಿಯಿಂದ ವಾರಕ್ಕೊಂದರಂತೆ ಒಟ್ಟು 56 ಹಾಡು ಬಂದವು. ಆ ಮೊದಲ ಪ್ರಸಾರದಲ್ಲಿ ಹಾಡಿದವರು ಬೇರೆಬೇರೆಯವರು. ಮಾಣಿಕ ವರ್ಮಾ ಇದ್ದರು, ವಸಂತರಾವ್ ದೇಶಪಾಂಡೆ ಇದ್ದರು, ಲಲಿತಾ ಫಡಕೆ ಇದ್ದರು. ಪಾತ್ರಕ್ಕೆ ತಕ್ಕ ದನಿ. ಆಮೇಲೆ ಫಡಕೆಯವರು ಊರೂರಿಗೆ ಹೋಗಿ ಎಲ್ಲ ಹಾಡನ್ನೂ ತಾವೊಬ್ಬರೇ ಹಾಡಿದರು, ಅದೇ ತಟ್ಟೆಗಳಾಗಿಯೂ ಬಂತು. ಇವತ್ತು ಗೀತರಾಮಾಯಣ ಎಂದ ಕೂಡಲೇ ನಿಮ್ಮ ಕಿವಿಯಲ್ಲಿ ಯಾರ ದನಿ ಏಳುತ್ತದೆ? ಫಡಕೆಯವರದೇ. ಸೀತೆಯ ದುಃಖವೂ ಅವರದೇ ದನಿ, ಹನುಮಂತನ ಹುರುಪೂ ಅವರದೇ ದನಿ. ಮೊದಲು ಪ್ರಸಾರವಾದದ್ದು ಮೂಲ ಎಂದು ಲೆಕ್ಕ ಹಿಡಿದರೆ, ನಮ್ಮ ಮನೆಮನೆಯಲ್ಲಿರುವುದು ಮರುಹಾಡಿಕೆ. ಅದು ಮೂಲವನ್ನು ಮೀರಿತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಈ ಮಾತನ್ನು ನಮ್ಮ ಮಾಸ್ತರರೊಬ್ಬರ ಮುಂದೆ ಒಮ್ಮೆ ಅಂದಿದ್ದೆ. ಅವರು 1955ರಲ್ಲಿ ಹುಡುಗರಿದ್ದು, ಊರ ಚಾವಡಿಯ ರೇಡಿಯೊ ಮುಂದೆ ಕೂತು ಆ ಮೊದಲ ಪ್ರಸಾರವನ್ನೇ ಕೇಳಿದವರು. "ನೀ ಮಾಣಿಕಬಾಯಿ ಹಾಡಿದ್ದು ಕೇಳಿಲ್ಲ, ಅದಕ್ಕs ಹಿಂಗ ಅಂತಿ" ಎಂದು ಸಿಟ್ಟಾದರು. ಅವರು ಸಾಯುವ ತನಕ ಒಪ್ಪಲಿಲ್ಲ. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರ ಕಿವಿಗೆ ಮೊದಲು ಬಿದ್ದದ್ದು ಒಂದು, ನನ್ನ ಕಿವಿಗೆ ಮೊದಲು ಬಿದ್ದದ್ದು ಇನ್ನೊಂದು. ಕಂಪನಿಯವರ ಲೆಕ್ಕದಲ್ಲಿ ಮೂಲ ಯಾವುದೇ ಇರಲಿ, ಕಿವಿ ತನ್ನ ಮೂಲವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ.

ಗಡಿಯ ಮೇಲೆ ಇರುವ ನಮಗಂತೂ ಇದು ಇನ್ನೂ ತೊಡಕು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹಳೆಯ ಸಂಗೀತ ನಾಟಕಗಳ ಪುಸ್ತಕ ಸಿಕ್ಕರೆ ತೆರೆದು ನೋಡಿರಿ. ಪದದ ತಲೆಯ ಮೇಲೆ 'ಚಾಲ' ಎಂದು ಬರೆದು, ಯಾವ ಹಳೆಯ ಹಾಡಿನ ಧಾಟಿ ಎಂಬುದನ್ನು ಹಾಕಿರುತ್ತಾರೆ. ಅವುಗಳಲ್ಲಿ ಕನ್ನಡ ಹಾಡುಗಳ ಧಾಟಿಯೂ ಉಂಟು. ನಮ್ಮ ಹಳ್ಳಿಯವರು ಅಪ್ಪಟ ಮರಾಠಿ ಎಂದು ತಲೆದೂಗುವ ಪದಕ್ಕೆ, ಅದಕ್ಕೂ ಮುಂಚೆ ಯಾವುದೋ ಕನ್ನಡ ಮನೆಯ ಹೆಣ್ಣುಮಗಳ ದನಿ ಇದ್ದಿರಬಹುದು. ಆಕೆ ರಿಕಾರ್ಡ್ ಆಗಲಿಲ್ಲ, ಅಷ್ಟೆ.

ದೊಡ್ಡವರು ದೊಡ್ಡವರನ್ನೇ ಹಾಡಿದ ಮಾತಿಗೆ ಬರೋಣ. ಕಿರಾಣಾದಿಂದ ಬಂದು ಮಿರಜಿನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಅವರ ತಟ್ಟೆಯೊಂದನ್ನು ಕೇಳಿ ಹುಚ್ಚು ಹಿಡಿದು, ಹನ್ನೊಂದು ವರ್ಷದ ಹುಡುಗನೊಬ್ಬ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರಕ್ಕೆ ಹೋದದ್ದು ನಿಮಗೆಲ್ಲ ಗೊತ್ತು. ಆತನೇ ಪಂಡಿತ ಭೀಮಸೇನ ಜೋಶಿ. ಗುರು ಸಿಕ್ಕಿದ್ದು ಊರಿಗೆ ಮರಳಿದ ಮೇಲೆ, ಮಗ್ಗುಲಿನ ಕುಂದಗೋಳದಲ್ಲಿ: ಖಾನ್ ಸಾಹೇಬರದೇ ಶಿಷ್ಯರಾದ ಸವಾಯಿ ಗಂಧರ್ವರು. ಖಾನ್ ಸಾಹೇಬರು ಹಾಡಿದ 'ಜಮುನಾ ಕೇ ತೀರ' ಎಂಬ ಭೈರವಿ ಠುಮರಿಯನ್ನು ಭೀಮಸೇನರೂ ಹಾಡಿದ್ದಾರೆ. ಆ ಕಾಲದ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಖಾನ್ ಸಾಹೇಬರು ಅಷ್ಟರಲ್ಲೇ ಹೇಳಿ ಮುಗಿಸಬೇಕು. ಭೀಮಸೇನರಿಗೆ ಸಮಯದ ಕಟ್ಟಿಲ್ಲ, ಮೈಕು ಒಳ್ಳೆಯದು, ದನಿಯಂತೂ ಹುಲಿಯ ದನಿ. ಆದರೂ ನನ್ನ ಮಟ್ಟಿಗೆ ಆ ಹಳೆಯ, ಕೊರಕೊರ ಎನ್ನುವ ಮೂರು ನಿಮಿಷವೇ ಮೇಲು. ಹಾಡು ಮುಗಿಯಿತಲ್ಲಾ ಎಂದು ಅಲ್ಲಿ ಹೊಟ್ಟೆಯಲ್ಲಿ ಕಲಕಿದ ಹಾಗಾಗುತ್ತದೆ. ಭೀಮಸೇನರ ಭಕ್ತರು ನನ್ನ ಮೇಲೆ ಸಿಟ್ಟಾಗಬೇಡಿರಿ. ಅವರ ದಾಸವಾಣಿ, ಸಂತವಾಣಿ ಎರಡಕ್ಕೂ ನಾನೂ ದಾಸನೇ. ಅವರು ಈ ಠುಮರಿಯಲ್ಲಿ ಗೆಲ್ಲಲು ಹಾಡಿದ್ದಲ್ಲ, ಋಣ ತೀರಿಸಲು ಹಾಡಿದ್ದು ಎಂದು ಕೇಳಿದವರಿಗೆ ತಿಳಿಯುತ್ತದೆ. ಲತಾಬಾಯಿಯವರೂ 90ರ ದಶಕದಲ್ಲಿ 'ಶ್ರದ್ಧಾಂಜಲಿ' ಎಂದು ಸೈಗಲ್, ರಫಿ, ಮುಕೇಶ್, ಕಿಶೋರ್ ಇವರ ಹಾಡುಗಳನ್ನು ತಾವು ಹಾಡಿದರು. ಲತಾಬಾಯಿಗಿಂತ ಮೇಲಾದ ದನಿ ಎಲ್ಲಿಂದ ತರುವುದು? ಆದರೂ ಅದನ್ನು ಕೊಂಡು ತಂದು ಸೈಗಲ್ ತಟ್ಟೆಯನ್ನು ಹೊರಗೆ ಎಸೆದವರನ್ನು ನಾನು ಕಂಡಿಲ್ಲ.

ಈಗ ಕುಮಾರ ಗಂಧರ್ವರು. ಈ ಮಾತಿಗೆ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅವರು ನಮ್ಮವರೇ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ. ಆರೇಳು ವರ್ಷದವರಿದ್ದಾಗಲೇ ದೊಡ್ಡದೊಡ್ಡ ಗವಾಯಿಗಳ ತಟ್ಟೆ ಕೇಳಿ, ಇದ್ದದ್ದು ಇದ್ದಂತೆ ಒಪ್ಪಿಸುತ್ತಿದ್ದರಂತೆ. ಕಣ್ಣುಮುಚ್ಚಿ ಕೇಳಿದರೆ ತಟ್ಟೆಯೇ ತಿರುಗಿದ ಹಾಗೆ. ಕುಮಾರ ಗಂಧರ್ವ ಎಂಬ ಹೆಸರು ಬಿದ್ದದ್ದೇ ಆಗ. ಮುಂದೆ ಮುಂಬಯಿಯಲ್ಲಿ ದೇವಧರ ಮಾಸ್ತರರ ಕೈಗೆ ಬಂದರು. ನಕಲು ಹಿಂದೆ ಬಿತ್ತು, ಹಾಡಿಕೆ ಶುರುವಾಯಿತು. ಆಮೇಲೆ ಕ್ಷಯ. ಮಧ್ಯಪ್ರದೇಶದ ದೇವಾಸಿನಲ್ಲಿ ವರ್ಷಗಟ್ಟಲೆ ಹಾಸಿಗೆ, ಹಾಡು ಬಂದ್. ಎದ್ದು ಕೂತಾಗ ಉಸಿರು ಮೊದಲಿನಂತೆ ಇರಲಿಲ್ಲ. ಅಂಥ ಉಸಿರು ಹಿಡಿದುಕೊಂಡು ಅವರು 60ರ ದಶಕದಲ್ಲಿ ಬಾಲಗಂಧರ್ವರ ನಾಟ್ಯಪದಗಳನ್ನು ಹಾಡಿದರು. ಬಾಲಗಂಧರ್ವರೆಂದರೆ ಮರಾಠಿಗರ ಜೀವ, ಅವರ ಒಂದು ಆಲಾಪ ಬಾವಿಯ ಹಗ್ಗದ ಹಾಗೆ ಇಳಿಯುತ್ತಲೇ ಇರುತ್ತದೆ. ಕುಮಾರರಿಗೆ ಅಷ್ಟುದ್ದ ಇಳಿಸುವುದು ಆಗದ ಮಾತು. ತುಂಡುತುಂಡಾಗಿ, ನಡುವೆ ನಡುವೆ ಸುಮ್ಮನಾಗಿ ಹಾಡಿದರು. ಆ ಸುಮ್ಮನಿರುವ ಜಾಗದಲ್ಲೇ ಪದದ ಅರ್ಥ ಹೊಳೆಯಿತು. ಅದಕ್ಕೆ ಅವರು ಇಟ್ಟ ಹೆಸರು 'ಮಲಾ ಉಮಜಲೇಲೆ ಬಾಲಗಂಧರ್ವ', ಅಂದರೆ ನನಗೆ ತಿಳಿದ ಬಾಲಗಂಧರ್ವ. ಬಾಲಗಂಧರ್ವರನ್ನು ಇದು ಮೀರಿತೇ ಎಂದು ಯಾರಾದರೂ ಕೇಳಿದರೆ ನಾನು ಆ ಹೆಸರನ್ನೇ ಓದಿ ತೋರಿಸುತ್ತೇನೆ.

ಈ ಚರ್ಚೆ ನನಗೆ ಯಾಕೆ ಇಷ್ಟು ಹತ್ತಿರದ್ದು ಎಂಬುದನ್ನೂ ಹೇಳಬೇಕು. 1956ರ ತನಕ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಆಚೆ ಹೋಯಿತು, ನಾವು ಈಚೆ ಉಳಿದೆವು. ಶಾಲೆ ಮರಾಠಿಯಾಯಿತು, ಅವ್ವಂದಿರ ಬೀಸುವ ಹಾಡು ಕನ್ನಡವೇ ಉಳಿಯಿತು. ನನ್ನ ಅವ್ವ ಬೀಸುಕಲ್ಲಿನ ಮುಂದೆ ಹಾಡುವುದನ್ನು 80ರ ದಶಕದಲ್ಲಿ ಒಂದು ಬೆಳಗಿನ ಜಾವ ಟೇಪ್ ಮಾಡಿಕೊಂಡಿದ್ದೆ. ಟೇಪ್ ರೆಕಾರ್ಡರ್ ಕಡ ತಂದದ್ದು, ಕ್ಯಾಸೆಟ್ಟು ಅದೇ ರಫಿಯ ಫೋಟೋದ್ದು. ಮೇಲಿನ ಹಾಡು ಅಳಿಸಿ ಅದರ ಮೇಲೇ ತುಂಬಿದೆ. ಅವ್ವ ಈಗಿಲ್ಲ. ಕ್ಯಾಸೆಟ್ಟು ಇದೆ. ಕಲ್ಲಿನ ಗುರುಗುರು, ಹುಂಜದ ಕೂಗು, "ಇನ್ನೊಂದು ಹಾಡವ್ವಾ" ಎನ್ನುವ ನನ್ನದೇ ದನಿ, ಎಲ್ಲ ಇದೆ. ಅಲ್ಲಲ್ಲಿ ಟೇಪಿಗೆ ಬೂಷ್ಟು ಹಿಡಿದಿದೆ.

ಮೊಮ್ಮಗಳು ಹನ್ನೊಂದು ವರ್ಷದವಳು, ಮರಾಠಿ ಶಾಲೆ. ಹೋದ ವರ್ಷ ಪಂಚಮಿಗೆ ಜೋಕಾಲಿ ಮುಂದೆ ಹಾಡುತ್ತೇನೆಂದು ಆ ಕ್ಯಾಸೆಟ್ಟನ್ನು ಕೇಳಿಕೇಳಿ ಕಲಿತಳು. ಕನ್ನಡ ಅಕ್ಷರ ಬಾರದು, ಬಾಳಬೋಧದಲ್ಲಿ ಬರೆದುಕೊಂಡಳು. ಅಲ್ಲೇ ತೊಡಕು ಬಂತು. ಮರಾಠಿ ಬರಹದಲ್ಲಿ ಎ, ಏ ಎಂಬ ಭೇದ ಇಲ್ಲ, ಒ, ಓ ಎಂಬ ಭೇದವೂ ಇಲ್ಲ. ಮಳೆರಾಯನಿಗೆ ಬೆಳೆ ಕೊಡು ಎಂದು ಕೇಳಬೇಕಾದಲ್ಲಿ ಹುಡುಗಿ ಬೇಳೆ ಕೊಡು ಎಂದು ಹಾಡಿದಳು. ಮನೆಯವರೆಲ್ಲ ನಕ್ಕೆವು. ನನಗೆ ನಗುವಿನ ಹಿಂದೆಯೇ ಗಂಟಲು ಕಟ್ಟಿತು. ಇದೊಂದು ಸಲ ತಪ್ಪು ಹಾಡಿದರೆ ಮುಂದಿನವರಿಗೆ ಅದೇ ಸರಿಯಾಗುತ್ತದೆ, ಬೇಡವೇ ಬೇಡ, ಕ್ಯಾಸೆಟ್ಟು ಇದೆಯಲ್ಲ ಅದನ್ನೇ ಹಚ್ಚಿದರಾಯಿತು ಎಂದುಬಿಟ್ಟೆ. ಹುಡುಗಿ ಮುಖ ಸಣ್ಣದು ಮಾಡಿ, "ಮುತ್ಯಾ, ಕ್ಯಾಸೆಟ್ಟು ಜೋಕಾಲಿ ಆಡತದೇನು?" ಎಂದಳು. ನಾನು ಸುಮ್ಮನಾದೆ. ಎ ಇದ್ದಲ್ಲಿ ಕೆಂಪು ಶಾಯಿಯ ಚುಕ್ಕೆ ಇಟ್ಟು ತಿದ್ದಿಕೊಟ್ಟೆ.

ಪಂಚಮಿಯ ದಿನ ಹಾಡಿದಳು. ಅವ್ವನ ದನಿಯ ಮುಂದೆ ಅದು ಎಳೆಸು ದನಿ, ಓಟವೂ ಜಾಸ್ತಿ. ಕಲ್ಲಿಲ್ಲದಿದ್ದರೆ ಓಡುತ್ತದೆ, ಏನು ಮಾಡುವುದು. ನಾಲ್ಕು ಸಾಲಿಗೊಮ್ಮೆ ಗಪ್ಪನೆ ನಿಂತು, ಎರಡು ಎಣಿಸುವಷ್ಟು ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು. ಟೇಪಿನಲ್ಲಿ ಇದ್ದದ್ದೇ ಹಾಗೆ. ಅವ್ವನ ಜೊತೆ ಕಲ್ಲಿನ ಎದುರು ಕೂತು ಬೀಸುತ್ತಿದ್ದ ಒಬ್ಬ ಹಿರಿಯ ಕಾಕು ಆ ಗುಂಪಿನಲ್ಲಿದ್ದಳು. ಹಾಡು ಮುಗಿದ ಮೇಲೆ ಹುಡುಗಿಯನ್ನು ಹತ್ತಿರ ಕರೆದು, "ಕೂಸಾ, ಅಲ್ಲಿ ಯಾಕ ನಿಂದ್ರತಿ?" ಎಂದು ಕೇಳಿದಳು. "ಅಜ್ಜಿ ನಿಲ್ಲತಾಳ" ಎಂದು ಇವಳು. ಕಾಕು ಬಾಯಿಗೆ ಸೆರಗು ಹಿಡಿದು ನಕ್ಕಳು. "ಅದು ಹಾಡಿಂದಲ್ಲವ್ವಾ. ನಿಮ್ಮಜ್ಜಿ ಕಲ್ಲಿಗೆ ಕಾಳು ಹಾಕೂ ಹೊತ್ತು ಅದು."

ಇಪ್ಪತ್ತು ಸಲವಾದರೂ ಆ ಟೇಪು ಕೇಳಿದ ನನಗೆ ಇದು ಹೊಳೆದಿರಲಿಲ್ಲ. ಕಾಳು ಹಾಕುವ ಹೊತ್ತನ್ನು ನಾನು ರಾಗವೆಂದು ಹಿಡಿದು ಕೂತಿದ್ದೆ. ಅಷ್ಟಕ್ಕೇ ಮುಗಿಯಲಿಲ್ಲ. "ತವರಿನ ನುಡಿ ಯಾಕ ಬಿಟ್ಟಿದಿ?" ಎಂದು ಕಾಕು ಮತ್ತೆ ಕೇಳಿದಳು. ಅಂಥ ನುಡಿ ಟೇಪಿನಲ್ಲಿ ಇಲ್ಲ. ಆ ಬೆಳಗು ನಾನು ಮುಂದೆ ಕೂತಿದ್ದೆನೆಂದೋ, ಕಾಳು ತೀರಿತ್ತೆಂದೋ, ಅವ್ವ ಅದನ್ನು ಹಾಡಿರಲೇ ಇಲ್ಲ. ನಾಲ್ಕು ಹಲ್ಲಿನ ಬಾಯಿಂದ ಕಾಕು ಅಲ್ಲೇ ಜೋಕಾಲಿಯ ಕೆಳಗೆ ಕೂತು ಹಾಡಿ ತೋರಿಸಿದಳು. ಅಣ್ಣ ಕರೆಯಲು ಬರಲಿಲ್ಲ ಎಂದು ತಂಗಿ ಹೊಲದ ದಾರಿ ನೋಡುವ ನುಡಿ ಅದು. ಅವ್ವನಿಗೆ ಅಣ್ಣನಿದ್ದ, ಗಡಿಯ ಆಚೆ ಭಾಲ್ಕಿಯ ಕಡೆಗೆ. ಆ ಮನೆಗೂ ನಮಗೂ ಹೊಲದ ಸಲುವಾಗಿ ಮಾತು ಬಂದ್ ಆಗಿದ್ದ ವರ್ಷಗಳು ಅವು. ಮಗನ ಮುಂದೆ ಆಕೆ ಆ ನುಡಿ ನುಂಗಿಕೊಂಡಳೋ ಏನೋ.

ಮೊಮ್ಮಗಳು ಆ ನುಡಿಯನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದಾಳೆ. ಬಾಳಬೋಧದಲ್ಲಿ ಬರೆದು, ಕೆಂಪು ಚುಕ್ಕೆ ಈ ಸಲ ತಾನೇ ಇಟ್ಟಿದ್ದಾಳೆ. ಎರಡು ಕಡೆ ತಪ್ಪಿದ್ದವು, ತಿದ್ದಿದ್ದೇನೆ. ಬರುವ ಪಂಚಮಿಗೆ ಪೂರ್ತಿ ಹಾಡುತ್ತಾಳಂತೆ, ಕಾಳು ಹಾಕುವ ಹೊತ್ತು ಬಿಟ್ಟು. ಕಾಕುಗೆ ಕಿವಿ ಮಂದವಾಗಿದೆ, ಹತ್ತಿರವೇ ಕೂಡ್ರಿಸಬೇಕು.